ಕುಂಟಿಯ ಪಾಲಿನ ಸೊಪ್ಪು

ನಿಮ್ಮ ತಟ್ಟೆಗೂ ಯಾರಾದರೂ ಬರೀ ಸೊಪ್ಪು ಬಡಿಸುತ್ತಾರೇನು? ನಗಬೇಡಿ, ನಿಮ್ಮ ಸರದಿಯೂ ಬರುತ್ತದೆ. ಡಾಕ್ಟರು ನನ್ನ ಶುಗರ್ ನೋಡಿ ಹುಬ್ಬು ಗಂಟಿಕ್ಕಿದ ದಿನದಿಂದ, ಮಣಿಕೊಂಡದ ಈ ಒಂಬತ್ತನೆಯ ಮಹಡಿಯಲ್ಲಿ ನನಗೆ ಸೊಪ್ಪೇ ಗತಿ. ಇವತ್ತು ಸೊಸೆ ಮೆಂತ್ಯ ಬಿಡಿಸುತ್ತಿದ್ದಾಗ ಎದ್ದ ಹಸಿ ವಾಸನೆ ನನ್ನನ್ನು ಮೆಹದಿಪಟ್ಟಣದ ಹಳೆಯ ಬಾಡಿಗೆ ಮನೆಯ ಹಿತ್ತಲಿಗೆ ಎಳೆದೊಯ್ದಿತು.

ಪಕ್ಕದ ಮನೆಯ ಮುಸ್ಲಿಂ ಚಿಕ್ಕಮ್ಮನನ್ನು ನಾನು ಖಾಲಾ ಎನ್ನುತ್ತಿದ್ದೆ; ಬೀದರಿನವರು. ಮಗಳ ಮದುವೆಯ ದಾವತ್ತಿನ ಊಟಕ್ಕೆಂದು ಆರು ಹೆಬ್ಬಾತಿನ ಮರಿ ಸಾಕಿದ್ದರು. ನಮ್ಮದೋ ಮೊಟ್ಟೆಯ ಹೆಸರೂ ಎತ್ತದ ಮನೆ. ಆಗ ನಾನು ಹೊಸ ಸೊಸೆ. ಆದರೂ ಸೊಪ್ಪಿಗೆ ಯಾವ ಮಡಿ? ಅಡುಗೆಯಲ್ಲಿ ಉಳಿದದ್ದನ್ನು ಸಣ್ಣಗೆ ಹೆಚ್ಚಿ ಬೇಲಿಯಾಚೆ ಚೆಲ್ಲುತ್ತಿದ್ದೆ. ಮಧ್ಯಾಹ್ನದ ಬಿಸಿಲಲ್ಲಿ ಹಳದಿ ತುಪ್ಪಳದ ಆರು ಉಂಡೆಗಳು ಪಿಸಪಿಸ ಎನ್ನುತ್ತ ಬರುತ್ತಿದ್ದವು. ಸೊಪ್ಪು ಇಳಿಯುವಾಗ ಆ ಎಳೆಯ ಕೊರಳು ಮಿಸುಕುವುದನ್ನು ನೋಡುತ್ತ ಕೂತರೆ, ಒಲೆಯ ಮೇಲೆ ಬೇಳೆ ಸೀದದ್ದೂ ತಿಳಿಯುತ್ತಿರಲಿಲ್ಲ. ಅದರಲ್ಲೊಂದು ಕುಂಟಿ. ಅದು ನನ್ನ ಅಂಗೈಯಿಂದಲೇ ತಿಂದು, ಅಲ್ಲೇ ಕೊಕ್ಕಿಟ್ಟು ತೂಕಡಿಸುತ್ತಿತ್ತು.

ಮರಿಗಳು ಬಲಿತ ಮೇಲೆ ಖಾಲಾ ಅವನ್ನು ಗೂಡಿಗೆ ಹಾಕಿದರು. "ಇನ್ನ ಸೊಪ್ಪು-ತಪ್ಪಲ ಹಾಕೋದು ಬಂದ್ ಮಾಡು ಬೇಟಿ. ಅದರಿಂದ ಎಲುಬು ಬೆಳೀತಾವ ಅಷ್ಟ. ಕೊಬ್ಬು ಏರಬೇಕಂದ್ರ ನೆನಸಿದ ಜೋಳಾನ ಬೇಕು."

ನನಗೆ ಅಷ್ಟೇ ಸಾಕಾಯಿತು. ಖಾಲಾ ಜೋಳ ಹಾಕುವ ಮೊದಲೇ ದಿನಾ ಕದ್ದು ಹೋಗಿ ಕುಂಟಿಗೆ ಹೊಟ್ಟೆ ಬಿರಿಯುವಷ್ಟು ಸೊಪ್ಪು ತಿನ್ನಿಸಿದೆ. ಜಾಣೆ ನಾನು, ಎಲ್ಲ ಯೋಚಿಸಿದ್ದೆ; ಹಿಕ್ಕೆ ಹಸಿರಾಗುತ್ತದೆ ಎಂಬುದೊಂದನ್ನು ಬಿಟ್ಟು.

ಮದುವೆಯ ಹಿಂದಿನ ದಿನ ಖಾಲಾ ಕುಂಟಿಯನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಬಾಗಿಲಿಗೇ ಬಂದರು.

"ಎಲ್ಲಾದರ ಹಿಕ್ಕಿ ಒಂದು ಬಣ್ಣ, ಇದರದ್ದೊಂದ ಹಸರ! ನನಗೇನು ಕಣ್ಣಿಲ್ಲ ಅಂತ ತಿಳದೀ? ಇದರಾಗ ಬರೇ ಎಲುಬ ಅದಾವ. ತಗೋ, ನಿನ್ನ ಕೂಸು ನೀನ ಸಾಕು."

ಆಮೇಲೆ ಕುಂಟಿ ಎಷ್ಟೋ ವರ್ಷ ನಮ್ಮ ಹಿತ್ತಲಲ್ಲಿ ಬಾಳಿತು, ತುಳಸಿಗೆ ನೀರು ಹಾಕಲು ಬಂದ ನಮ್ಮತ್ತೆಯನ್ನು ಬುಸ್ಸೆಂದು ಅಟ್ಟಿಸಿಕೊಂಡು.

ಇಷ್ಟನ್ನೂ ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಮುಗಿಸಿ, ಸೊಸೆಗೆ ಓದಿ ಹೇಳಿದೆ. "ಈಗ ನೀ ನನ್ನೂ ಬಾತು ಮಾಡಿಬಿಟ್ಟಿ ನೋಡವಾ. ಒಂದ ಒಂದು ಹೋಳಿಗಿ ಕೊಟ್ರ ಏನಾಗತೈತಿ?"

ಅವಳು ಮೆಂತ್ಯದಿಂದ ತಲೆ ಎತ್ತಲಿಲ್ಲ.

"ಆ ಕುಂಟಿಗೆ ಜೋಳ ತಿನ್ನಾಕ ನೀವ್ಯಾಕ ಬಿಡಲಿಲ್ಲ ಅತ್ತೀ? ನಾನೂ ಅದಕ್ಕ. ಸುಮ್ನ ತಪ್ಪಲ ತಿನ್ರಿ."