ಪೋಸ್ಟರಿನ ಹೆಂಗಸಿಗೆ ಚುಚ್ಚಿದ ಹಸಿರು ತುಂಡು

ಓದುಗರಿಗೆಲ್ಲ ನಮಸ್ಕಾರ. ಎಡಗೈಯ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಶಾಲೆಗೆ ಹೋದದ್ದೂ ತಡವಾಗಿ. ತಪ್ಪಿದ್ದರೆ ಮನ್ನಿಸಿ.

ಐವತ್ತರ ದಶಕದ ಕೊನೆಯಲ್ಲಿ ಕಡಬ ಪೇಟೆಯಲ್ಲಿ ನನ್ನದೊಂದು ಟೈಲರ್ ಅಂಗಡಿ ಇತ್ತು. ಹಡಗಿನಲ್ಲಿ ಕೆಲಸಕ್ಕಿದ್ದ, ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಂ ಗಿರಾಕಿಯೊಬ್ಬರು ಫ್ರಾನ್ಸಿನಿಂದ ಒಂದು ಹಳೆಯ ಕಲ್ಲಚ್ಚಿನ ಪೋಸ್ಟರ್ ತಂದುಕೊಟ್ಟರು. ಕೆಂಪು ಗೌನು, ಕಪ್ಪು ಕೈಚೀಲ, ಬಾಯಿ ತೆರೆದು ಹಾಡುವ ಹೆಂಗಸು. "ಅಲ್ಲಿ ಕುಡಿಯುವ ಹೋಟೆಲಲ್ಲಿ ಪದ ಹೇಳುದು ಇವಳು" ಎಂದರು. ಗೋಡೆಗೆ ಹಚ್ಚಿದೆ.

ಅವಳ ಹೆಗಲು, ಎದೆಯ ಮೇಲ್ಭಾಗ ತೆರೆದೇ ಇತ್ತು. ಹಿರಿಯರೊಬ್ಬರು ಬೈದರು. ತೆಗೆಯಲು ಮನಸ್ಸಾಗದೆ, ಕೈಗೆ ಸಿಕ್ಕಿದ ಹಸಿರು ಬಟ್ಟೆಯ ತುಂಡೊಂದನ್ನು ಅವಳ ಎದೆಗೆ ನಾಲ್ಕು ಪಿನ್ನು ಹಾಕಿ ಚುಚ್ಚಿದೆ.

ಆಗ ಹೆಂಗಸರು ಟೈಲರ್ ಅಂಗಡಿಗೆ ಬರುತ್ತಿರಲಿಲ್ಲ. ಅಳತೆಯ ಹಳೆ ರವಿಕೆ, ಹೊಸ ಬಟ್ಟೆ ಮನೆಯ ಗಂಡಸರ ಕೈಯಲ್ಲಿ ಬರುತ್ತಿತ್ತು. ಹೊಲಿದು ಉಳಿದ ತುಂಡನ್ನು ರವಿಕೆಯೊಟ್ಟಿಗೆ ಹಿಂದೆ ಕೊಡುವುದು ಕ್ರಮ. ನಾನು ಚುಚ್ಚಿದ ತುಂಡು ಹತ್ತಿರದ ಕೊಯಿಲ ಊರಿನ ಒಬ್ಬ ಹುಡುಗಿಯ ಮದುವೆ ರವಿಕೆಯದು.

ಅವಳ ಅಣ್ಣ ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದಾಗ, ಅವನು ಬಟ್ಟೆ ಕೊಡುವುದನ್ನು ನೋಡಿದ್ದ ಯಾರೋ ಕೆಣಕಿದರಂತೆ: "ನಿನ್ನ ತಂಗಿಯ ರವಿಕೆ ಹಾಕಿಕೊಂಡು ಒಬ್ಬಳು ಟೈಲರನ ಗೋಡೆಯಲ್ಲಿ ಉಂಟು ಮಾರಾಯ. ಅಳತೆ ಸರಿ ಉಂಟಾ ನೋಡಿ ಬಾ."

ಅವನು ಒಳಗೆ ಬಂದು ಚಿತ್ರ ನೋಡಿದ.

"ಎಂತದಾ ಇದು? ನಮ್ಮ ಬಟ್ಟೆ ಹಾಕುದು ಇವಳಿಗಾ?"

"ಮೈ ಕಾಣಬಾರ್ದು ಅಂತ ಹಾಕಿದ್ದು ಮಾರಾಯ್ರೆ..."

ಕುತ್ತಿಗೆ ಹಿಡಿದು ನನ್ನ ಹಣೆಯನ್ನು ಮಿಷನ್ನಿನ ಚಕ್ರಕ್ಕೆ ಬಡಿದ. ಕಣ್ಣಿಗೆ ರಕ್ತ ಇಳಿಯಿತು. ನಾನು ಬಲಗೈಯನ್ನು ಮೇಜಿಗೆ ಊರಿ ಏಳಲು ನೋಡಿದೆ. ಅವನು ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ ಎತ್ತಿದ.

"ಕೈ ಬೇಡ! ಹೊಲಿದು ತಿನ್ನುವವ ನಾನು, ಕೈ ಬೇಡ!"

ಅದೇ ಕೈಯ ಮೇಲೆ ಕುಟ್ಟಿದ, ಎರಡು ಸಲ. ಎಲುಬು ಮುರಿದದ್ದು ನನಗೆ ಕೇಳಿಸಿತು. ಚರ್ಮ ಸುಟ್ಟ ವಾಸನೆ ಆಮೇಲೆ ಬಂತು. ಬಾಗಿಲಲ್ಲಿ ಜನ ನಿಂತಿದ್ದರು, ಕೆಣಕಿದವನೂ ಇದ್ದ. ಯಾರೂ ಒಳಗೆ ಬರಲಿಲ್ಲ.

ಅವನು ಏದುಸಿರು ಬಿಡುತ್ತಾ ಗೋಡೆಯ ಹತ್ತಿರ ಹೋದ. ಪೋಸ್ಟರ್ ಹರಿಯುತ್ತಾನೆ ಎಂದುಕೊಂಡೆ. ಒಂದೊಂದೇ ಪಿನ್ನು ಬಿಡಿಸಿ, ಹಸಿರು ತುಂಡನ್ನು ಮಡಚಿ ಕಿಸೆಗೆ ಹಾಕಿ ಹೊರಟುಹೋದ.

ಹೆಬ್ಬೆರಳು ಮತ್ತೆ ಮಡಚಲಿಲ್ಲ, ಕತ್ತರಿ ಹಿಡಿಯಲಾಗಲಿಲ್ಲ. ಮಿಷನ್ ಮಾರಿದೆ. ಮೂವತ್ತು ದಾಟಿದ ಮೇಲೆ ಎಡಗೈಯಲ್ಲಿ ಅಕ್ಷರ ತಿದ್ದಿದೆ. ಪೋಸ್ಟರ್ ಇನ್ನೂ ನನ್ನಲ್ಲಿ ಉಂಟು, ಅವಳ ಎದೆಯಲ್ಲಿ ನಾಲ್ಕು ಪಿನ್ನಿನ ತೂತು.

ಒಳ್ಳೆಯದಕ್ಕೆಂದು ಮಾಡಿದ ಸಣ್ಣ ಕೆಲಸಕ್ಕೆ ನೀವೂ ಹೀಗೆ ಪೆಟ್ಟು ತಿಂದದ್ದಿದ್ದರೆ ದಯವಿಟ್ಟು ಬರೆದು ತಿಳಿಸಿ. ನಿಧಾನವಾದರೂ ಓದುತ್ತೇನೆ.