ದುಪಟ್ಟದ ಗಂಟು

ಅವರ ದುಪಟ್ಟದ ಒಂದು ತುದಿ ಸದಾ ಸುಕ್ಕುಗಟ್ಟಿರುತ್ತಿತ್ತು, ಗಂಟು ಹಾಕಿ ಬಿಚ್ಚಿ, ಹಾಕಿ ಬಿಚ್ಚಿ. ಬೀರೂರಿನ ಈರುಳ್ಳಿ ಮಂಡಿಯೊಂದರ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವರು ನಾವಿಬ್ಬರೇ. ತರೀಕೆರೆಯಿಂದ ರೈಲಿನಲ್ಲಿ ಬರುತ್ತಿದ್ದ ಅವರನ್ನು ನಾನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ.

ಅಜ್ಜಂಪುರದ ಕಡೆಯ ರೈತರು ತೂಕದ ಸರದಿಯ ಟೋಕನನ್ನು ಮೊಬೈಲಿನಲ್ಲೇ ತೆಗೆದುಕೊಳ್ಳುತ್ತಿದ್ದರು. ಅವರಿಗೆ ತೊಂದರೆಯಾಗಬಾರದೆಂದು ಆಪಾ ಸರ್ವರನ್ನು ಒಂದು ಕ್ಷಣವೂ ನಿಲ್ಲಿಸುತ್ತಿರಲಿಲ್ಲ. ಹೊಸ ಕೋಡನ್ನು ಬೇರೆ ಫೋಲ್ಡರಿನಲ್ಲಿ ಪೂರ್ತಿ ಇಟ್ಟು, ಸರ್ವರ್ ನೋಡುವ ಸಿಮ್‌ಲಿಂಕನ್ನು, ಅಂದರೆ ಕೊಂಡಿಯನ್ನು, ಹಳೆಯ ಫೋಲ್ಡರಿನಿಂದ ಹೊಸದಕ್ಕೆ ತಿರುಗಿಸುತ್ತಿದ್ದರು. ತಿರುಗಿಸುವ ಮೊದಲು ದುಪಟ್ಟಕ್ಕೆ ಗಂಟು. ಹೊಸ ಪುಟ ತಮ್ಮ ಮೊಬೈಲಿನಲ್ಲಿ ಕಂಡ ಮೇಲೆಯೇ ಬಿಚ್ಚುವುದು.

“ಕೊಂಡಿ ತಿರುಗ್ಸಿದ್ರೆ ಕೆಲ್ಸ ಮುಗೀಲಿಲ್ಲ ಕಣೋ. ಸರ್ವರ್ ಹಳೇ ದಾರೀನೇ ನೆನಪಿಟ್ಕೊಂಡಿರುತ್ತೆ. ಅದನ್ನ ಅಳ್ಸು, ಆಮೇಲೆ ಕಣ್ಣಾರೆ ನೋಡು.” ನೂರು ಸಲ ಹೇಳಿದ್ದರು. ನನಗೆ ಸೊಕ್ಕು.

ಒಂದು ಮಧ್ಯಾಹ್ನ ಅವರು ನಮಾಜಿಗೆ ಎದ್ದಾಗ, ಎರಡನೇ ತೂಕದ ಕಾಟಾಕ್ಕಾಗಿ ಬರೆದಿದ್ದ ಹೊಸ ಕೋಡಿಗೆ ನಾನೇ ಕೊಂಡಿ ತಿರುಗಿಸಿ ಊಟಕ್ಕೆ ಹೋದೆ. ಸರ್ವರಿನ ನೆನಪು ಅಳಿಸಲಿಲ್ಲ, ಕಣ್ಣಾರೆ ನೋಡಲಿಲ್ಲ. ಅರ್ಧ ಪುಟಗಳು ಹೊಸದರಿಂದ, ಅರ್ಧ ಹಳೆಯದರಿಂದ ಬರತೊಡಗಿದವು. ಒಂದೇ ನಂಬರಿನ ಟೋಕನ್ ಸಿಕ್ಕ ಟ್ರ್ಯಾಕ್ಟರಿನವರು ಕಾಟಾದ ಮುಂದೆ ಪರಸ್ಪರ ಕೊರಳಪಟ್ಟಿ ಹಿಡಿದುಕೊಂಡರು.

ಮಾಲೀಕ ಬಂದವನೇ, ಏನು ಎತ್ತ ಎಂದು ಕೇಳದೆ, ಆಪಾ ಮುಂದೆ ನಿಂತ. “ಕೈಲಾಗ್ದಿದ್ರೆ ಮನೇಲಿ ರೊಟ್ಟಿ ತಟ್ಕೊಂಡಿರಮ್ಮ. ನಾಳೆಯಿಂದ ಬರ್ಬೇಡ.” ಈ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. ಆ ಸೈಟಿನ ಸಾಲು ಸಾಲೂ ಬರೆದವರು ಅವರು. ಈ ಮಹಾಶಯನಿಗೆ ಪಾಸ್‌ವರ್ಡ್ ಒತ್ತಲೂ ಬರುತ್ತಿರಲಿಲ್ಲ.

ಆಪಾ ದುಪಟ್ಟಕ್ಕೆ ಗಂಟು ಹಾಕಿ, ಕೊಂಡಿಯನ್ನು ಹಳೆಯ ಫೋಲ್ಡರಿಗೆ ತಿರುಗಿಸಿ, ಸರ್ವರಿನ ನೆನಪು ಅಳಿಸಿ, ಮೊಬೈಲಿನಲ್ಲಿ ನೋಡಿ, ಗಂಟು ಬಿಚ್ಚಿದರು. ಕೊಂಡಿ ತಿರುಗಿಸಿದವನ ಹೆಸರು ಅವರ ಮುಂದಿನ ಪರದೆಯಲ್ಲೇ ಇತ್ತು. ಅವರು ಅದನ್ನು ಓದಿದ್ದನ್ನು ನಾನು ನೋಡಿದೆ. ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಸ್ಟೇಷನ್ನಿನವರೆಗೂ ಹಿಂದೆಯೇ ಓಡಿದೆ. “ಹೋಗಿ ಹೇಳ್ಬಿಡ್ತೀನಿ ಆಪಾ.”

“ಆಗ್ಲೇ ಹೇಳ್ಬೇಕಿತ್ತು. ಈಗ ಹೋಗಿ ಸರ್ವರ್ ನೋಡ್ಕೋ, ಇನ್ನೂ ಟ್ರ್ಯಾಕ್ಟರ್ ನಿಂತವೆ,” ಎಂದು ರೈಲು ಹತ್ತಿದರು. ನಾನು ಹೋಗಿ ಸರ್ವರ್ ನೋಡಿಕೊಂಡೆ. ಅಷ್ಟೇ ಮಾಡಿದೆ.

ಇಂದಿಗೂ ಕೊಂಡಿ ತಿರುಗಿಸುವ ಮೊದಲು ಕರ್ಚೀಫಿಗೆ ಗಂಟು ಹಾಕುತ್ತೇನೆ. ಕಲಿಸಿದವರು ಅವರು. ಅವರ ಮೇಲೂ ನನಗೆ ಸಿಟ್ಟಿದೆ, ನನ್ನ ಹೆಸರು ಹೇಳಲಿಲ್ಲವಲ್ಲ ಎಂದು.

ಹೋದ ವರ್ಷ ಅವರು ತೀರಿಕೊಂಡಾಗ ತರೀಕೆರೆಯಲ್ಲಿ ಮಣ್ಣಿಗೆ ಹೋಗಿ, ನೆಟ್ಟಗೆ ಮಂಡಿಗೆ ಬಂದೆ. ಆವತ್ತಿನ ತಪ್ಪು ನನ್ನದು, ಆಪಾ ಅವರದಲ್ಲ ಎಂದು ಮಾಲೀಕನಿಗೆ ಹೇಳಿದೆ.

“ಯಾವ ಆಪಾ?” ಎಂದ.

ಅವನ ಬೆನ್ನ ಹಿಂದಿನ ಪರದೆಯಲ್ಲಿ ಅವರು ಬರೆದ ಟೋಕನ್ ಪುಟ ನಿಲ್ಲದೆ ಓಡುತ್ತಿತ್ತು.