ಅಳಿಯನ ಕುಳಿ

ನಮ್ಮ ಬೀದಿಯ ಬೆಸುಗೆಯವನನ್ನು ಎಲ್ಲರೂ ಕರೆಯುವುದು ಕಿಡಿಯಣ್ಣ ಎಂದೇ. ನನ್ನ ಅಂಗಡಿಯ ಅಲ್ಯೂಮಿನಿಯಂ ತಗಡಿಗೆ ಖಾಯಂ ಗಿರಾಕಿ. ಚೌಕಾಸಿಯಲ್ಲಿ ನನಗೇ ಗುರು. ವರ್ಷಗಟ್ಟಲೆ ಕಿಡಿ ನೋಡಿ ಕಣ್ಣು ಕೆಟ್ಟಿತು. ಇನ್ನು ಕಿಡಿಯ ಮುಂದೆ ಕೂತರೆ ಕಣ್ಣಿನ ಆಸೆ ಬಿಡು ಎಂದರು ಡಾಕ್ಟರು. ಅದಕ್ಕೇ ಕಿಡಿಯಿಲ್ಲದ ಯಂತ್ರವೊಂದನ್ನು ಪರೀಕ್ಷೆಗೆಂದು ತಂದ. ಅದು ಎರಡು ತಗಡುಗಳ ಸಂದಿಗೆ ಗಿರಗಿರ ತಿರುಗುವ ಮೊಳೆಯನ್ನು ಒತ್ತಿ ನಡೆಸುತ್ತದೆ. ತಿಕ್ಕಾಟದ ಬಿಸಿಗೆ ಲೋಹ ಕರಗುವುದಿಲ್ಲ, ನಾದಿದ ಹಿಟ್ಟಿನಂತೆ ಮೆತ್ತಗಾಗಿ ಕಲೆತು ಒಂದಾಗುತ್ತದೆ. ಹೊಗೆಯಿಲ್ಲ, ಬೆಳಕಿಲ್ಲ, ನಿಂತು ನೋಡುವವರಿಗೆ ಮಜವೂ ಇಲ್ಲ.

ಮೊದಲ ಕೆಲಸ ಕಿಡಿಯಣ್ಣನ ಮಾವನಿಗೆ ಹೊಸ ತಗಡಿನ ದೋಣಿ. ಹೊಳೆಯ ದೋಣಿಗಾರರಿಗೆಲ್ಲ ಮಾವನೇ ಹಿರಿಯ. ಅವನು ಒಲ್ಲೆ ಎಂದರೆ ಬೇರಾರೂ ಬರುವುದಿಲ್ಲ. ಯಂತ್ರ ವಾಪಸ್ಸು, ಕಿಡಿಯಣ್ಣ ಕೈಕಟ್ಟಿ ಕೂರಬೇಕು.

ಮಾವ ಸ್ಟೂಲು ಎಳೆದುಕೊಂಡು ಎದುರಿಗೇ ಕೂತ. "ಅಳಿಯಂದ್ರೇ, ಕಿಡಿ ಎಲ್ಲಿ? ಬೆಸೀತಿದ್ದೀರೋ, ಬೆಣ್ಣೆ ತೆಗೀತಿದ್ದೀರೋ?"

"ನೋಡ್ತಾ ಇರಿ ಮಾವ, ನಿಮ್ಮ ಬಾಯಿಗಿಂತ ಗಟ್ಟಿ ಆಗುತ್ತೆ!"

ಇಲ್ಲೇ ಎಡವಟ್ಟಾದದ್ದು. ಮೊಳೆ ಎತ್ತಿದ ಕಡೆ ಕುಳಿ ಉಳಿಯುತ್ತದೆ. ಹಾಗಾಗಿ ತುದಿಗೊಂದು ಚೂರು ತಗಡು ಜೋಡಿಸಿ, ಮೊಳೆಯನ್ನು ಅದರ ಮೇಲೆ ಒಯ್ದು ಎತ್ತಿ, ಚೂರನ್ನು ಕತ್ತರಿಸಿ ಬಿಸಾಡಬೇಕು. ಮಾತಿನ ಭರದಲ್ಲಿ ಕಿಡಿಯಣ್ಣ ದೋಣಿಯ ತಳದಲ್ಲೇ ಎತ್ತಿಬಿಟ್ಟ. ಹಿಂತುದಿಯಲ್ಲಿ ಬೆರಳು ಕೂರುವಷ್ಟು ಕುಳಿ.

ಮಾವ ಮಗಳನ್ನು ಕೂಗಿ ಕರೆದ. "ಬಾರಮ್ಮಾ, ನಿನ್ನ ಗಂಡ ನನಗೆ ಜರಡಿ ಮಾಡ್ಕೊಟ್ಟ!"

"ಅದು ಆಚೆವರೆಗೆ ಹೋಗಿಲ್ಲಪ್ಪಾ. ಪೂರ್ತಿ ಆಗ್ಲಿ, ನೀರು ತುಂಬಿ ನೋಡು," ಎಂದಳು ಅವಳು, ಗಂಡನನ್ನು ಕಣ್ಣಲ್ಲೇ ಸುಡುತ್ತ.

ದೋಣಿ ಪೂರ್ತಿಯಾಯಿತು. ಅದನ್ನು ಎತ್ತರದ ಮರದ ಸ್ಟ್ಯಾಂಡುಗಳ ಮೇಲೆ ಏರಿಸಿ, ಮಾವ ಕಂಠಮಟ್ಟ ನೀರು ತುಂಬಿಸಿದ. ಅಡಿಗೆ ತೆವಳಿ, ಬೆಸುಗೆಯುದ್ದಕ್ಕೂ ಅಂಗೈ ಸವರಿದ. ಒಂದು ಹನಿಯೂ ಇಲ್ಲ. ಸೋಲು ಒಪ್ಪಿಕೊಳ್ಳುವುದಕ್ಕೂ ಒಂದು ಮುಖ ಬೇಕಲ್ಲ, ಹೊರಬರದೆ ಅಲ್ಲೇ ಉಳಿದ.

"ಸರಿ, ಈಗ ಇಷ್ಟು ನೀರು ಖಾಲಿ ಮಾಡೋರು ಯಾರು?" ಎಂದಳು ಮಗಳು. ಎತ್ತಿ ಮಗುಚಲು ನಾವು ಯಾರೂ ಪೈಲ್ವಾನರಲ್ಲ.

"ಆ ದರಿದ್ರ ಕುಳೀನೇ ಪೂರ್ತಿ ತೂತು ಮಾಡ್ರೀ!" ಅಡಿಯಿಂದಲೇ ಮಾವ ಗದರಿದ.

ಕಿಡಿಯಣ್ಣ ವಿಧೇಯ ಅಳಿಯ. ತಕ್ಷಣ ಮೇಲಿಂದ ನೀರಿಗೆ ಕೈಯಿಳಿಸಿ ಕೈಡ್ರಿಲ್ಲು ತಿರುಗಿಸಿದ. ನೀರು ನೇರ ಮಾವನ ಬೋಳುತಲೆಗೆ ಇಳಿಯಿತು.

ತಲೆ ಒರೆಸಿಕೊಂಡ ಮಾವ ತೂತಿಗೆ ಬಿರಡೆ ಹಾಕಿದ, ತೆಗೆದ, ಮತ್ತೆ ಹಾಕಿದ. "ದೋಣಿ ದಡಕ್ಕೆ ಎಳೆದ ಮೇಲೆ ಒಳಗೆ ನಿಂತ ನೀರನ್ನ ಚೊಂಬಲ್ಲಿ ಎತ್ತೋದು ತಪ್ಪಿತು. ಇರ್ಲಿ ಬಿಡಿ."

ಯಂತ್ರ ಉಳಿಯಿತು. ಈಗ ದೋಣಿಗಾರರೆಲ್ಲ "ಹಿಂದೊಂದು ಅಳಿಯನ ಕುಳಿ ಇರ್ಲಿ" ಎಂದು ಕೇಳಿ ಮಾಡಿಸುತ್ತಾರೆ. ಅದು ಹೊಳೆದದ್ದು ತನಗೇ ಎಂದು ಮಾವ ಊರೆಲ್ಲ ಸಾರುತ್ತಾನೆ. ಕಿಡಿಯಣ್ಣ ಹೌದು ಎನ್ನುವುದೂ ಇಲ್ಲ, ಅಲ್ಲ ಎನ್ನುವುದೂ ಇಲ್ಲ. ಮೊಳೆ ತಿರುಗುತ್ತಿರುವಷ್ಟು ಹೊತ್ತು ಅವನು ಈಗ ತುಟಿ ಪಿಟಕ್ಕೆನ್ನುವುದಿಲ್ಲ.